ಸೆರೆಂಬಾನ್ ದಾಟಿದ ಮೇಲೆ ಎಡಕ್ಕೆ ಎಳೆಯುವ ಗಾಡಿ

ಡಾಕ್ಟ್ರಮ್ಮ ಆ ತಕರಾರು ಹೊತ್ತು ಮೊದಲ ಸಲ ಬಂದದ್ದು ಚೀನೀಯರ ಹೊಸ ವರ್ಷದ ರಜೆ ಮುಗಿದ ವಾರ. ಸೈಬರ್‌ಜಯಾದ ಅಂಚಿನಲ್ಲಿರುವ ನಮ್ಮ ವರ್ಕ್‌ಶಾಪಿನ ಶಟರ್ ಆಗಷ್ಟೇ ಎತ್ತಿದ್ದೆ. ಗಾಡಿ ನಿಲ್ಲಿಸಿ, ಕೈಚೀಲ ತೋಳಿಗೇರಿಸಿಕೊಂಡು ಇಳಿದವರೇ ಶುರು ಮಾಡಿದರು.

"ನೋಡಪಾ ತಮ್ಮಾ, ಇದಕ್ಕ ಎರಡು ತಕರಾರು ಅದಾವ. ಸೆರೆಂಬಾನ್ ದಾಟಿದ ಮ್ಯಾಲೆ ಎಡಕ್ಕ ಎಳೀಲಿಕತ್ತದ. ಅದೇ ಹೊತ್ತಿಗೆ ಎಂಜಿನ್ನೂ ಏದುಸಿರು ಬಿಡತದ. ಎಷ್ಟು ಒತ್ತಿದರೂ ಓಡಂಗಿಲ್ಲ. ಎರಡೂ ಕೂಡೇ ಬರ್ತಾವ. ಬ್ಯಾನಿ ಒಂದೇ ಇರಬಹುದು, ನೋಡು."

ನಾನು ನಕ್ಕೆ. "ಪೇಷಂಟನ್ನೂ ನೀವೇ ಕರ್ಕೊಂಡು ಬಂದು ಕಾಯಿಲೆನೂ ನೀವೇ ಹೇಳಿಬಿಟ್ರೆ ನನಗೇನು ಕೆಲಸ ಅಮ್ಮ?"

"ನಿನ್ನ ಪೇಷಂಟ್ ಮಾತಾಡಂಗಿಲ್ಲ, ಅದಕ್ಕ ನಾ ಮಾತಾಡ್ಲಿಕತ್ತೀನಿ. ನನ್ನ ಟೇಬಲ್ ಮ್ಯಾಲಿನವರೂ ಮಾತಾಡಂಗಿಲ್ಲ, ಗೊತ್ತದಲ್ಲ?"

ಅವರು ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುವವರು. ಹೆಣ ಕೊಯ್ದು ಸ್ನಾಯು, ನರ, ಮೂಳೆ ತೋರಿಸುವ ಪಾಠ. ಧಾರವಾಡದ ಕಡೆಯವರು, ಅರವತ್ತು ದಾಟಿ ನಾಲ್ಕು ವರ್ಷ. ಯಜಮಾನರು ಹೋದ ಮೇಲೆ ಮೆಲಾಕಾದ ಮನೆ ಬಿಟ್ಟು ಸೈಬರ್‌ಜಯಾದಲ್ಲಿ ಮಗ ಸೊಸೆಯ ಜೊತೆ ಇದ್ದರು. ಆದರೆ ಪಾಠ ಬಿಟ್ಟಿರಲಿಲ್ಲ. ಮಂಗಳವಾರ ಒಂದು ದಿನ, ಗುರುವಾರ ಒಂದು ದಿನ ತಾವೇ ಗಾಡಿ ಓಡಿಸಿಕೊಂಡು, ಸೆರೆಂಬಾನ್ ದಾಟಿ ಮೆಲಾಕಾಕ್ಕೆ ಹೋಗಿ, ಪಾಠ ಮುಗಿಸಿ, ಸಂಜೆಯೊಳಗೆ ಹಿಂದಿರುಗುತ್ತಿದ್ದರು. ಹೋಗಲಿಕ್ಕೇ ಸುಮಾರು ಎರಡು ಗಂಟೆ ಬೇಕು. ಬಸ್ಸು ಅಂದರೆ ಎರಡು ಕಡೆ ಬದಲಾಯಿಸಿ, ಕಾಲೇಜು ಮುಟ್ಟುವಷ್ಟರಲ್ಲಿ ಪಾಠದ ಹೊತ್ತೇ ಮೀರುತ್ತದೆ. ಗಾಡಿ ಇದ್ದರೆ ಪಾಠ, ಗಾಡಿ ಇಲ್ಲದಿದ್ದರೆ ಇಲ್ಲ. ವಾರದ ಉಳಿದ ಐದು ದಿನ ಆ ಎರಡು ದಿನಕ್ಕಾಗಿ ಕಾಯುತ್ತಾರೆ ಅಂತ ಅವರ ಸೊಸೆ ಒಮ್ಮೆ ತಮಾಷೆಗೆ ಹೇಳಿದ್ದಳು. ಅದು ತಮಾಷೆಯಾಗಿರಲಿಲ್ಲ.

ನನ್ನ ವಿಷಯ ಇಷ್ಟು. ನಾನು ಮೈಸೂರು ಸೀಮೆಯವನು. ಎಂಜಿನಿಯರಿಂಗ್ ಓದಿ, ದೇಶ ಬಿಟ್ಟು ಇಲ್ಲಿನ ಒಂದು ಕಾರ್ಖಾನೆಯ ಕೆಲಸಕ್ಕೆ ಬಂದೆ. ಇಲ್ಲಿಯೇ ಹುಟ್ಟಿ ಬೆಳೆದ ತಮಿಳರ ಹುಡುಗಿಯನ್ನು ಮದುವೆಯಾದೆ. ಮಾವನವರಿಗೆ ಮೊಣಕಾಲು ಹಿಡಿದ ಮೇಲೆ ಅವರ ವರ್ಕ್‌ಶಾಪು ನನ್ನ ಕೈಗೆ ಬಂತು. ಸೈಬರ್‌ಜಯಾ, ಪುತ್ರಜಯಾದ ಕನ್ನಡದವರು ಗಾಡಿ ಕೆಟ್ಟರೆ ನನ್ನ ಹತ್ತಿರವೇ ಬರುತ್ತಾರೆ. ಕೆಲಸಕ್ಕಿಂತ ಹೆಚ್ಚಾಗಿ, "ಕಟಕಟ ಅನ್ನುತ್ತೆ", "ಗುಂಯ್ ಅನ್ನುತ್ತೆ" ಅಂತ ತಮ್ಮ ಭಾಷೆಯಲ್ಲೇ ಹೇಳಿಕೊಳ್ಳಬಹುದಲ್ಲ, ಅದಕ್ಕೆ. ನನ್ನ ಕನ್ನಡವೋ, ಅಜ್ಜಿ ಮತ್ತು ದೊಡ್ಡಪ್ಪನ ಬಾಯಿಂದ ಬಂದದ್ದು. ದೊಡ್ಡಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದವರು. ಹಾಗಾಗಿ ಕಾರಿನ ಭಾಗಗಳಿಗೂ ನಾನು ಅಚ್ಚು, ಕೀಲು, ನೊಗ ಅಂತೆಲ್ಲ ಅನ್ನುವುದುಂಟು. ಬೆಂಗಳೂರಿನ ಹುಡುಗರು ನಗುತ್ತಾರೆ.

ಆ ದಿನ ಡಾಕ್ಟ್ರಮ್ಮನ ಎರಡು ತಕರಾರನ್ನು ನಾನು ಎರಡಾಗಿಯೇ ಹಿಡಿದೆ. ಎಂಜಿನ್ ದಮ್ಮಿಲ್ಲದೆ ಓಡುತ್ತದೆ ಅಂದರೆ ಮೊದಲು ನೋಡಬೇಕಾದ್ದು ಗಾಳಿ ಮತ್ತು ಕಿಡಿ. ಏರ್ ಫಿಲ್ಟರ್ ಕಪ್ಪಾಗಿತ್ತು, ಬದಲಾಯಿಸಿದೆ. ಪ್ಲಗ್ಗುಗಳು ಸವೆದಿದ್ದವು, ಹೊಸದು ಹಾಕಿದೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಯಲ್ಲಿ ಕಟ್ಟಿದ್ದ ಮಸಿ ಒರೆಸಿದೆ. ಎಡಕ್ಕೆ ಎಳೆಯುವುದಕ್ಕೆ ಟಯರಿನ ಗಾಳಿ ಸರಿಮಾಡಿ, ಗಾಡಿಯನ್ನು ಅಲೈನ್‌ಮೆಂಟ್ ಮೆಷಿನ್ನಿಗೆ ಏರಿಸಿದೆ. ಆ ಮೆಷಿನ್ನು ನಾನು ಬಂದ ಮೇಲೆ ತರಿಸಿದ್ದು. ನಾಲ್ಕು ಗಾಲಿಗೂ ಕನ್ನಡಿಯಂಥ ಹಲಗೆ ಸಿಕ್ಕಿಸಿದರೆ ಸಾಕು, ಯಾವ ಗಾಲಿ ಎಷ್ಟು ವಾಲಿದೆ, ಎತ್ತ ತಿರುಗಿದೆ ಅಂತ ಪರದೆಯ ಮೇಲೆ ಬರುತ್ತದೆ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಮುಂದಿನ ಎಡಗಾಲಿ ಕೂದಲೆಳೆಯಷ್ಟು ಹೊರಗೆ ತಿರುಗಿತ್ತು. ಸರಿ ಮಾಡಿದೆ. ವರ್ತುಲ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ನೋಡಿದೆ. ಸ್ಟೀರಿಂಗ್ ಸಡಿಲ ಬಿಟ್ಟರೂ ಗೆರೆ ಎಳೆದ ಹಾಗೆ ನೇರ.

ಎರಡು ವಾರಕ್ಕೆ ಅವರು ಮತ್ತೆ ಬಂದರು. ಈ ಸಲ ಬಾಗಿಲಿನ ಪಕ್ಕಕ್ಕೆ ಉದ್ದನೆಯ ಗೀರು ಬಿದ್ದಿತ್ತು.

"ಎಳದದ ತಮ್ಮಾ. ಮೆಲಾಕಾ ಮುಟ್ಟೂ ಮುಂಚೆ, ಆಯರ್ ಕೆರೋ ಹತ್ರ ರಸ್ತಾದ ಕಟಕಟಿಗೆ ಸವರಿಕೊಂಡು ಹೋತು."

ಅವರ ಮಗನೂ ಜೊತೆಗಿದ್ದ. ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಕೆಲಸ, ಒಳ್ಳೆಯ ಹುಡುಗ. ಅಮ್ಮ ಅತ್ತ ಹೋದದ್ದು ನೋಡಿಕೊಂಡು ನನ್ನ ಕಿವಿಗೆ ಬಗ್ಗಿದ. "ಅಂಕಲ್, ಸರಿಯಾಗಿ ಚೆಕ್ ಮಾಡಿ ಹೇಳಿ. ಗಾಡಿ ಪ್ರಾಬ್ಲಂ ಆದ್ರೆ ಓಕೆ. ಗಾಡಿ ಅಲ್ಲ ಅಂದ್ರೆ... ಅಮ್ಮ ಇನ್ನು ಹೈವೇಲಿ ಓಡಿಸೋ ಹಾಗಿಲ್ಲ. ಲೆಫ್ಟ್ ಹ್ಯಾಂಡ್ ವೀಕ್ ಆಗ್ತಿದೆಯೇನೋ ಅಂತ ನನಗೆ ಡೌಟು."

ಹೇಳುವವನ ಕಣ್ಣಲ್ಲಿ ಭಯವಿತ್ತು. ನಾನು ನಾಲ್ಕು ಗಾಲಿಗೂ ಹಲಗೆ ಸಿಕ್ಕಿಸಿದೆ. ಪರದೆಯೆಲ್ಲ ಹಸಿರು. ಟಯರಿನ ಒಳಗೇ ದೋಷವಿದ್ದರೂ ಗಾಡಿ ಎಳೆಯುವುದುಂಟು, ಅದನ್ನು ಮೆಷಿನ್ನು ಹಿಡಿಯುವುದಿಲ್ಲ. ಅದಕ್ಕೆ ಎಡದ ಟಯರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ, ಅದೇ ವರ್ತುಲ ರಸ್ತೆಯಲ್ಲಿ ಓಡಿಸಿ ಬಂದೆ. ಗಾಡಿ ಎತ್ತಲೂ ವಾಲಲಿಲ್ಲ.

ಮೆಷಿನ್ನಿನಿಂದ ಹಾಳೆ ತೆಗೆದು ಡಾಕ್ಟ್ರಮ್ಮನ ಕೈಗೆ ಕೊಟ್ಟು ಹೇಳಿದೆ: "ಗಾಡಿ ನೆಟ್ಟಗಿದೆಯಮ್ಮ. ಗಾಡಿಯಲ್ಲಿ ಏನೂ ಇಲ್ಲ."

"ಏನೂ ಇಲ್ಲ?"

"ಏನೂ ಇಲ್ಲ. ನೋಡಿ, ಎಲ್ಲ ಹಸಿರು."

ಅವರು ಹಾಳೆ ನೋಡಲಿಲ್ಲ. ಹಾಳೆ ಹಿಡಿದಿದ್ದ ತಮ್ಮ ಎಡಗೈ ನೋಡಿದರು. ಆಮೇಲೆ ಅದನ್ನು ನಾಲ್ಕಾಗಿ ಮಡಚಿ ಮಗನಿಗೆ ಕೊಟ್ಟು ಗಾಡಿಯ ಎಡಗಡೆ ಬಾಗಿಲು ತೆಗೆದು ಕೂತರು. ಮಗ ಓಡಿಸಿಕೊಂಡು ಹೋದ. ನಾನು ಕೈ ಒರೆಸಿಕೊಂಡು ಮುಂದಿನ ಗಾಡಿಗೆ ಹೋದೆ.

ಒಂದು ವಾರದ ಮೇಲೆ ಮಗ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ. "ನಿಮ್ಮ ಪ್ರಿಂಟ್‌ಔಟ್ ತೋರಿಸಿದ ಮೇಲೆ ಅಮ್ಮ ಆರ್ಗ್ಯೂ ಮಾಡಲಿಲ್ಲ ಅಂಕಲ್. ಕೀ ಕೊಟ್ಟುಬಿಟ್ಟರು. ಈ ತಿಂಗಳ ಕೊನೆಗೆ ಕಾಲೇಜಿಗೆ ರಿಸೈನ್ ಲೆಟರ್ ಕೊಡ್ತಾರೆ. ಗಾಡಿಗೆ ಯಾರಾದರೂ ಗಿರಾಕಿ ಇದ್ದರೆ ಹೇಳಿ."

ನಾನು "ಒಳ್ಳೇದಾಯ್ತು ಬಿಡಪ್ಪ" ಅಂದೆ. ಅಂದದ್ದು ನಿಜ. ಆ ಮಾತು ಬಾಯಿಂದ ಹೋಗಿದೆ, ಈಗ ಏನು ಮಾಡಿದರೂ ವಾಪಸ್ಸು ಬರುವುದಿಲ್ಲ.

ಮುಂದಿನ ಬುಧವಾರ ಡಾಕ್ಟ್ರಮ್ಮ ಬಾಡಿಗೆ ಕಾರಿನಲ್ಲಿ ವರ್ಕ್‌ಶಾಪಿಗೆ ಬಂದರು. ಡಿಕ್ಕಿಯಲ್ಲಿ ಮರೆತಿದ್ದ ಪುಸ್ತಕದ ಪೆಟ್ಟಿಗೆ ಬೇಕಾಗಿತ್ತು. ಮಗ ಮಾರಾಟಕ್ಕೆಂದು ಗಾಡಿಯನ್ನು ಹಿಂದಿನ ದಿನವೇ ನಮ್ಮಲ್ಲಿ ತಂದು ಬಿಟ್ಟಿದ್ದ. ನಾನು ಪೆಟ್ಟಿಗೆ ಇಳಿಸುತ್ತಿದ್ದೆ. ಮಾವನವರು ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ತೆ ತಾರಿಕ್ ಅನ್ನುವ ಇಲ್ಲಿನ ನೊರೆ ಚಹಾ ಕುಡಿಯುತ್ತಿದ್ದರು. ಅವರಿಗೆ ಕನ್ನಡ ಬಾರದು. ಡಾಕ್ಟ್ರಮ್ಮ ಮೆಲಾಕಾದಲ್ಲಿ ಇಷ್ಟು ವರ್ಷ ಇದ್ದು ತಮಿಳು ಚೆನ್ನಾಗಿ ಕಲಿತಿದ್ದರು. ಇಬ್ಬರೂ ತಮಿಳಿನಲ್ಲೇ ಮಾತಾಡಿದರು.

"ಇಷ್ಟು ಒಳ್ಳೆಯ ಗಾಡಿ ಯಾಕೆ ಮಾರುತ್ತೀರಿ?" ಅಂತ ಮಾವ ಕೇಳಿದರು.

"ಗಾಡಿ ಒಳ್ಳೆಯದೇ. ಕೈ ಕೆಟ್ಟಿದೆ, ಎಡಕ್ಕೆ ಎಳೆಯುತ್ತದೆ" ಅಂದರು ಅವರು.

"ಎಲ್ಲಿ ಎಳೆಯುತ್ತಿತ್ತು?"

"ಸೆರೆಂಬಾನ್ ದಾಟಿದ ಮೇಲೆ. ಮನೆಯಿಂದ ಅಲ್ಲಿಯವರೆಗೆ ಏನೂ ಇಲ್ಲ."

ಮಾವ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಮಾಪ್ಳೆ, ನೀನು ಸೆರೆಂಬಾನ್ ತನಕ ಹೋಗಿದ್ದೆಯಾ?"

ಅಳಿಯನಾದ ನನ್ನನ್ನು ಅವರು ಎಂದೂ ಗದರಿದವರಲ್ಲ. ಆ ಪ್ರಶ್ನೆಯಲ್ಲೂ ಗದರಿಕೆಯಿರಲಿಲ್ಲ. ಆದರೆ ಅವರ ಕಾಲದಲ್ಲಿ ಈ ವರ್ಕ್‌ಶಾಪಿನ ಕಟ್ಟಳೆಯೇ ಬೇರೆ ಇತ್ತು. ಗಾಡಿ ತಂದವರು ಎಲ್ಲಿ ತೊಂದರೆ ಅನ್ನುತ್ತಾರೋ ಅಲ್ಲಿಯವರೆಗೆ ಅವರ ಜೊತೆ ಹೋಗಿ ಬರಬೇಕು, ಆಮೇಲೆ ಸ್ಪಾನರ್ ಮುಟ್ಟಬೇಕು. ಒಮ್ಮೆ ಯಾರೋ ಗುಡ್ಡ ಹತ್ತುವಾಗ ಸದ್ದು ಬರುತ್ತದೆ ಅಂದದ್ದಕ್ಕೆ ಊಟ ಬಿಟ್ಟು ಗುಡ್ಡದ ತುದಿವರೆಗೆ ಹೋಗಿ ಬಂದಿದ್ದರಂತೆ. ಹೊಸ ಮೆಷಿನ್ನು ಬಂದ ಮೇಲೆ ನಾನು ಅದನ್ನು ಬಿಟ್ಟೆ. ವರ್ತುಲ ರಸ್ತೆಯ ಹತ್ತು ನಿಮಿಷ ಸಾಕು ಅನ್ನಿಸಿತ್ತು.

"ಇಲ್ಲ ಮಾಮ" ಅಂದೆ.

"ಹಾಗಾದರೆ ಈಗ ಹೋಗಿ ಬನ್ನಿ. ಅಮ್ಮ ಓಡಿಸಲಿ, ನೀನು ಪಕ್ಕದಲ್ಲಿ ಕೂತುಕೋ."

ಡಾಕ್ಟ್ರಮ್ಮ ತಲೆ ಅಲ್ಲಾಡಿಸಿದರು. ನನ್ನ ಜೊತೆ ಮತ್ತೆ ಕನ್ನಡಕ್ಕೆ ಬಂದರು. "ನಾ ಓಡಸಂಗಿಲ್ಲ ತಮ್ಮಾ. ದಿನಾ ಮುಂಜಾನೆ ಎದ್ದು ಎಡಗೈ ಚಾಚಿ, ಮ್ಯಾಲೆ ಒಂದು ಹಾಳಿ ಇಟ್ಟು ನೋಡ್ತೀನಿ. ನಡುಗತದೇನು ಅಂತ. ಒಂದಿನ ನಡುಗಿಲ್ಲ ಅನಸ್ತದ, ಒಂದಿನ ನಡುಗತದ ಅನಸ್ತದ. ಮೂವತ್ತು ವರ್ಷ ಹುಡುಗ್ರಿಗೆ ಕೈಯ ನರಾ ತೋರಿಸೀನಿ. ನನ್ನ ಕೈ ಬಗ್ಗೆ ನನಗ ಹೇಳಲಿಕ್ಕೆ ಬರವಲ್ದು."

ಅವರು ಅಷ್ಟು ಹೇಳಿದ್ದು ಕೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತು ದಾರಿ ಹೇಳಿ" ಅಂದೆ. ಮಗನಿಗೆ ಫೋನ್ ಮಾಡಿ ತಿಳಿಸಿ ಹೊರಟೆವು.

ಬೆಳಗಿನ ಹನ್ನೊಂದಿರಬೇಕು. ನೀಲಾಯಿಯ ಹತ್ತಿರ ಎಂದಿನಂತೆ ಗಾಡಿಗಳ ಸಾಲು. ಹತ್ತು ಅಡಿ ಹೋಗು, ಬ್ರೇಕ್ ಒತ್ತು, ಮತ್ತೆ ಹತ್ತು ಅಡಿ. ಅದು ಬಿಡಿಸಿಕೊಳ್ಳಲು ಇಪ್ಪತ್ತು ನಿಮಿಷ ಹಿಡಿಯಿತು. ನಾನೇ ಏನೋ ಮಾತು ತೆಗೆದೆ. ಮೊಮ್ಮಗ ಕನ್ನಡ ಆಡುತ್ತಾನಾ ಅಂತ. "ನಾ ಕನ್ನಡದಾಗ ಕೇಳ್ತೀನಿ, ಅಂವ ಇಂಗ್ಲಿಷಿನ್ಯಾಗ ಹೇಳ್ತಾನ. ಇಬ್ಬರೂ ಸೋಲಂಗಿಲ್ಲ" ಅಂದರು. ಸೆರೆಂಬಾನಿನ ಏರಿಳಿತ ಬಂತು. ಇಳಿಜಾರಿನಲ್ಲಿ ಮುಂದೆ ಲಾರಿಗಳಿದ್ದವು, ಮೂರು ನಾಲ್ಕು ಸಲ ಜೋರಾಗಿ ಬ್ರೇಕ್ ಒತ್ತಬೇಕಾಯಿತು. ಸೆರೆಂಬಾನ್ ದಾಟಿತು. ರಸ್ತೆ ಖಾಲಿಯಾಯಿತು. ನಾನು ವೇಗ ಹೆಚ್ಚಿಸಲು ನೋಡಿದೆ. ಗಾಡಿ ಏರಲಿಲ್ಲ.

ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಹಿಡಿದ ಹಾಗೆ. ಎಂಜಿನ್ ಕೂಗುತ್ತಿತ್ತು, ಗಾಡಿ ಓಡುತ್ತಿರಲಿಲ್ಲ. ಒಂದೆರಡು ಕಿಲೋಮೀಟರ್ ಹೋಗಿರಬೇಕು, ಸ್ಟೀರಿಂಗು ನನ್ನ ಅಂಗೈಯೊಳಗೆ ನಿಧಾನಕ್ಕೆ ಎಡಕ್ಕೆ ತಿರುಗತೊಡಗಿತು. ಬಲಕ್ಕೆ ಹಿಡಿದೆ. ಮತ್ತೆ ಎಡಕ್ಕೆ. ನನ್ನ ತೋಳು ಬಿಗಿಯಿತು.

ಡಾಕ್ಟ್ರಮ್ಮ ರಸ್ತೆ ನೋಡುತ್ತಿರಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದರು.

"ಅಮ್ಮಾ" ಅಂದೆ. "ಎಳೀತಿದೆ."

ಅವರು ಮುಖ ಕಿಟಕಿಯ ಕಡೆ ತಿರುಗಿಸಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಮುಂದಿನ ವಿಶ್ರಾಂತಿ ತಾಣದಲ್ಲಿ ಗಾಡಿ ನಿಲ್ಲಿಸಿದೆ. ಇಳಿಯುವ ಮುಂಚೆಯೇ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ಬ್ರೇಕಿನ ಖಾರ ವಾಸನೆ. ಮುಂದಿನ ಬಲಗಾಲಿಯ ಹತ್ತಿರ ಅಂಗೈ ಹಿಡಿದೆ, ಬೆಚ್ಚಗಿತ್ತು ಅಷ್ಟೆ. ಎಡಗಾಲಿಯ ಹತ್ತಿರ ಹಿಡಿಯಲಾಗಲಿಲ್ಲ. ಡಾಕ್ಟ್ರಮ್ಮ ಬಗ್ಗಿ ತಮ್ಮ ಅಂಗೈಯನ್ನೂ ದೂರದಿಂದ ಹಿಡಿದು ನೋಡಿದರು. ಮಗುವಿನ ಹಣೆ ನೋಡುವವರ ಹಾಗೆ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ.

"ಈ ಕಾಲಿಗೆ ಜ್ವರ ಅದ" ಅಂದರು. "ಇನ್ನೊಂದಕ್ಕಿಲ್ಲ."

ಬ್ರೇಕ್ ಒತ್ತಿದರೆ ಎರಡು ಪ್ಯಾಡುಗಳು ಗಾಲಿಯೊಳಗಿನ ತಟ್ಟೆಯನ್ನು ಎರಡೂ ಕಡೆಯಿಂದ ಅದುಮುತ್ತವೆ. ಕಾಲು ತೆಗೆದರೆ ಬಿಡಬೇಕು. ಎಡಗಾಲಿಯದು ಬಿಡುತ್ತಿರಲಿಲ್ಲ. ತಣ್ಣಗಿದ್ದಾಗ ಬಿಡುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿ ಕಾದ ಮೇಲೆ ಕಚ್ಚಿಕೊಳ್ಳುತ್ತದೆ. ಒಂದು ಗಾಲಿ ಕಚ್ಚಿಕೊಂಡರೆ ಗಾಡಿ ಆ ಕಡೆ ಎಳೆಯುತ್ತದೆ, ಎಂಜಿನ್ನು ಆ ಭಾರವನ್ನೂ ಎಳೆಯಬೇಕಾಗಿ ಏದುಸಿರು ಬಿಡುತ್ತದೆ. ಎರಡು ತಕರಾರು, ಒಂದೇ ಬ್ಯಾನಿ. ಅವರು ಮೊದಲ ದಿನವೇ ಹೇಳಿದ್ದರು. ಮೆಷಿನ್ನಿನ ಮೇಲೆ ಗಾಡಿ ತಣ್ಣಗೆ ನಿಂತಿರುತ್ತದೆ. ಅದರ ಪರದೆಯಲ್ಲಿ ಇದು ಯಾವತ್ತೂ ಕೆಂಪಾಗುವುದಿಲ್ಲ.

ಗಾಡಿ ತಣಿಯುವವರೆಗೆ ಅಲ್ಲೇ ಕೂತೆವು. ಡಾಕ್ಟ್ರಮ್ಮ ನನಗೆ ತೆಂಗಿನ ಹಾಲಿನ ಅನ್ನ, ನಾಸಿ ಲೆಮಾಕ್ ಕೊಡಿಸಿದರು. ಅವರು ತಿನ್ನಲಿಲ್ಲ. ಆಮೇಲೆ ಟೋ ಗಾಡಿ ಕರೆಸಿ ಹಿಂದಿರುಗಿದೆವು.

ವರ್ಕ್‌ಶಾಪಿನಲ್ಲಿ ಲಿಫ್ಟಿಗೇರಿಸಿ ಎಡಗಾಲಿ ಬಿಚ್ಚಿದೆ. ಒಳಗಿನ ಪ್ಯಾಡು ಹೆಚ್ಚುಕಡಿಮೆ ತಗಡಿನವರೆಗೆ ಸವೆದಿತ್ತು. ಆ ಪ್ಯಾಡುಗಳನ್ನು ಹಿಡಿದಿರುವ ಕಬ್ಬಿಣದ ಕವಚ ಎರಡು ಪಿನ್ನುಗಳ ಮೇಲೆ ಹಿಂದೆ ಮುಂದೆ ಜಾರುವಂಥದ್ದು. ಒಂದು ಪಿನ್ನು ಸಲೀಸಾಗಿ ಬಂತು. ಇನ್ನೊಂದು ಬರಲಿಲ್ಲ. ತಿರುಚಿ, ಎಳೆದು, ಕೊನೆಗೂ ತೆಗೆದಾಗ ಅದರ ತುದಿಯ ರಬ್ಬರು ನೀರು ಕುಡಿದ ಕಡಲೆಯ ಹಾಗೆ ಊದಿಕೊಂಡಿತ್ತು. ಮೇಲೆ ಕಂದು ಬಣ್ಣದ ದಪ್ಪ ಗ್ರೀಸು ಮೆತ್ತಿತ್ತು.

ಆ ಬಣ್ಣ ನೋಡಿದ ಕೂಡಲೇ ಪಿನ್ನನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆ.

ಬ್ರೇಕಿನ ಪಿನ್ನಿಗೆ ಹಾಕುವ ಗ್ರೀಸೇ ಬೇರೆ. ಅದು ಬೆಳ್ಳಗೆ, ಸಣ್ಣ ಟ್ಯೂಬಿನಲ್ಲಿ ಬರುತ್ತದೆ. ರಬ್ಬರಿಗೆ ಏನೂ ಮಾಡುವುದಿಲ್ಲ. ಕಂದು ಗ್ರೀಸು ಪೆಟ್ರೋಲಿಯಂನಿಂದ ಮಾಡಿದ್ದು, ಬೇರಿಂಗಿಗೆ, ಕೀಲಿಗೆ. ರಬ್ಬರಿಗೆ ತಗುಲಿದರೆ ಕೆಲವು ತಿಂಗಳಲ್ಲಿ ರಬ್ಬರು ಊದಿಕೊಳ್ಳುತ್ತದೆ. ಈ ಕಸುಬಿನಲ್ಲಿ ಮೊದಲ ವಾರ ಕಲಿಯುವ ಮಾತು ಇದು. ಮತ್ತು ಈ ಗಾಡಿಯ ಬ್ರೇಕನ್ನು ಕಳೆದ ವರ್ಷ ಬಿಚ್ಚಿದವನು ನಾನೊಬ್ಬನೇ.

ಆಯುಧಪೂಜೆಯ ದಿನ. ನಮ್ಮ ಊರಿನಲ್ಲಿ ಅವತ್ತು ದೊಡ್ಡಪ್ಪ ಗಾಡಿ ತೊಳೆದು, ಗಾಲಿ ಬಿಚ್ಚಿ, ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಹರಳೆಣ್ಣೆಗೆ ಹುಲ್ಲಿನ ಮಸಿ ಕಲಸಿದ ಎಣ್ಣೆ ಅದು. ಕೀಲೆಣ್ಣೆಯ ಬಿದಿರಿನ ಗೊಟ್ಟಕ್ಕೂ ಕುಂಕುಮ ಇಟ್ಟು ಹೂವೇರಿಸಿ, ಅದರಿಂದಲೇ ತಿರುಗುವ ಪ್ರತಿಯೊಂದಕ್ಕೂ ಒಂದು ಬೊಟ್ಟು ಹಚ್ಚಬೇಕು. ಬಾವಿಯ ರಾಟೆಗೆ, ಬೀಸುವ ಕಲ್ಲಿನ ಗೂಟಕ್ಕೆ, ಬಾಗಿಲಿನ ತಿರುಗುಣಿಗೆ. ಅವತ್ತು ಎಣ್ಣೆ ಕಾಣದ ಕೀಲು ವರ್ಷವಿಡೀ ಅಳುತ್ತದೆ ಅನ್ನುತ್ತಿದ್ದಳು ಅಜ್ಜಿ. ನಾನು ಇಲ್ಲಿಗೆ ಬಂದ ಮೇಲೆ ಆ ಪದ್ಧತಿಯನ್ನು ವರ್ಕ್‌ಶಾಪಿಗೆ ತಂದೆ. ಪ್ರತಿ ವರ್ಷ ಅವತ್ತು ಕನ್ನಡದ ಏಳೆಂಟು ಮನೆಯವರು ಗಾಡಿ ತರುತ್ತಾರೆ. ಎಲ್ಲದರ ಬ್ರೇಕು ಬಿಚ್ಚಿ ಒರೆಸಿ, ಕೀಲುಗಳಿಗೆ ಗ್ರೀಸು ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಕಳಿಸುತ್ತೇನೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಅದು ನನ್ನ ಸೇವೆ.

ಹೋದ ವರ್ಷ ಗ್ರೀಸಿನ ದೊಡ್ಡ ಡಬ್ಬಿಗೆ ಪೂಜೆ ಮಾಡಿದ್ದೆ. ಕಂದು ಗ್ರೀಸಿನ ಡಬ್ಬಿ. ಬೆಳ್ಳನೆಯ ಟ್ಯೂಬು ಅಲ್ಲೇ ಕಪಾಟಿನಲ್ಲಿತ್ತು. ಕೈಗೆ ಸಿಗದೆ ಇರಲಿಲ್ಲ. ಪಿನ್ನು ಹಿಡಿದುಕೊಂಡು ಒಂದು ಕ್ಷಣ ಯೋಚಿಸಿದ್ದು ಕೂಡ ನೆನಪಿದೆ. ಪೂಜೆಯಾದ ಡಬ್ಬಿಯದೇ ಒಂದು ಬೊಟ್ಟು ಎಲ್ಲದಕ್ಕೂ ತಾಗಲಿ, ಅಷ್ಟರಿಂದ ಏನಾಗುತ್ತೆ ಅಂದುಕೊಂಡು ಬೆರಳು ಅದ್ದಿದೆ. ಅರಿಯದೆ ಮಾಡಿದ್ದಲ್ಲ. ಪ್ರೀತಿಯಿಂದ ಮಾಡಿದ್ದು. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಮಾವ ಕುರ್ಚಿಯಿಂದ ಎದ್ದು ಬಂದು ಪಿನ್ನನ್ನು ಕೈಗೆ ತೆಗೆದುಕೊಂಡರು. ಗ್ರೀಸನ್ನು ಎರಡು ಬೆರಳ ನಡುವೆ ಉಜ್ಜಿ ಮೂಸಿದರು. ನನ್ನ ಮುಖ ನೋಡಿ, ಪಿನ್ನನ್ನು ಮೇಜಿನ ಮೇಲಿಟ್ಟು ಹಿಂದಿರುಗಿ ಹೋಗಿ ಕೂತರು.

ಡಾಕ್ಟ್ರಮ್ಮ ಪುಸ್ತಕದ ಪೆಟ್ಟಿಗೆಯ ಮೇಲೆ ಕೂತು ಕಾಯುತ್ತಿದ್ದರು. ಅವರಿಗೆ ಬೇಕಾದದ್ದು ಸಿಕ್ಕಿಯಾಗಿತ್ತು. ಕೈಯಲ್ಲಿ ದೋಷವಿಲ್ಲ, ಗಾಡಿಯಲ್ಲಿ ಇದೆ. ಬ್ರೇಕಿನ ಪಿನ್ನು ಕಚ್ಚಿಕೊಂಡಿತ್ತು, ಈ ದೇಶದ ಮಳೆಗೆ ಅದೆಲ್ಲ ಆಗುವುದೇ ಅಂತ ಹೇಳಿ ಮುಗಿಸಬಹುದಿತ್ತು. ಅವರು ನಂಬುತ್ತಿದ್ದರು. ಹರಸಿ ಹೋಗುತ್ತಿದ್ದರು.

ಪಿನ್ನನ್ನು ಅವರ ಮುಂದೆ ಹಿಡಿದು ಎಲ್ಲ ಹೇಳಿದೆ. ಯಾವ ಗ್ರೀಸು, ಯಾವ ದಿನ, ಟ್ಯೂಬು ಎಲ್ಲಿತ್ತು, ಎಲ್ಲ. ಅವರು ಊದಿದ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿದರು.

"ನಿನ್ನ ಕೈಯ ತಪ್ಪಿಗೆ ನಾ ನನ್ನ ಕೈ ಮ್ಯಾಲೆ ಅನುಮಾನ ಪಟ್ಟೆ" ಅಂದರು.

ನಾನು ಪಿನ್ನನ್ನು ಮೇಜಿನ ಮೇಲಿಟ್ಟೆ.

"ಗ್ರೀಸ್ ಇರಲಿ. ಅದು ಹಬ್ಬದ ದಿನ, ಮನಷ್ಯಾ ಮಾಡ್ತಾನ. ನಾ ಎರಡು ಸಲ ಬಂದು ಹೇಳಿದ್ನಲ್ಲೋ, ಸೆರೆಂಬಾನ್ ದಾಟಿದ ಮ್ಯಾಲೆ ಅಂತ. ನೀ ಹಸಿರು ಹಸಿರು ಅಂದಿ. ನೋವು ಎಲ್ಲದ ಅಂತ ರೋಗಿ ಬಟ್ಟು ಮಾಡಿ ತೋರಿಸಿದ್ರ, ಡಾಕ್ಟರ ಕಾಗದಾ ನೋಡಿ ಇಲ್ಲ ಅಂದಂಗಾತು."

"ತಪ್ಪಾಯ್ತಮ್ಮ."

"ನನಗ ಹೇಳಿದ್ದು ಸಾಕು. ನನ್ನ ಮಗಗ ಹೇಳು. ನನ್ನ ಮುಂದ ಹೇಳು."

ಮಗ ಆಫೀಸು ಬಿಟ್ಟು ಸಂಜೆ ಐದಕ್ಕೆ ಬಂದ. ಅವನಿಗೂ ಅದನ್ನೆಲ್ಲ ಮತ್ತೆ ಹೇಳಿದೆ. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ಅವನ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪಾಯಿತು.

"ಹೈವೇಲಿ ಬ್ರೇಕ್ ಫೇಲ್ ಆಗಿದ್ರೆ ಅಂಕಲ್? ಅಮ್ಮ ಒಬ್ಬರೇ ಇದ್ರು. ಏನ್ ಮಾತು ಇದು?"

"ಹೌದಪ್ಪ" ಅಂದೆ.

"ನಾನು ನಿಮ್ಮ ಪೇಪರ್ ಹಿಡ್ಕೊಂಡು ಹೋಗಿ ಅವರ ಕೈಯಿಂದ ಕೀ ಇಸ್ಕೊಂಡೆ. ಗೊತ್ತಾ ನಿಮಗೆ? ಅವರು ಎರಡು ದಿನ ಊಟ ಮಾಡಲಿಲ್ಲ."

"ಸಾಕು ಬಿಡೋ" ಅಂದರು ಡಾಕ್ಟ್ರಮ್ಮ. "ನೀನೂ ಕಾಗದಾನ ನಂಬಿದಿ. ನನ್ನ ಕೇಳಿದ್ಯೇನು?"

ಅವನು ಅಮ್ಮನ ಕಡೆ ತಿರುಗಿದ. ಕೆಲಸದ ಶರ್ಟಿನಲ್ಲೇ ಬಂದು ನನ್ನ ಎಣ್ಣೆ ನೆಲದ ಮೇಲೆ, ಅಮ್ಮ ಕೂತಿದ್ದ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ನಾನು ಅಲ್ಲಿಂದ ಎದ್ದು ಒಳಗೆ ಹೋದೆ.

ಒಳಗೆ ಹೋಗಿ ಮಾಡಬೇಕಾದ ಕೆಲಸವೂ ಇತ್ತು. ಆ ಹಬ್ಬಕ್ಕೆ ಬಂದಿದ್ದ ಗಾಡಿಗಳು ಎಂಟು. ಉಳಿದ ಏಳು ಮನೆಗೂ ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಗಾಡಿ ಹೊರಗೆ ತೆಗೆಯಬೇಡಿ, ನಾನೇ ಬಂದು ಬಿಚ್ಚಿ ಸರಿಮಾಡುತ್ತೇನೆ, ತಪ್ಪು ನನ್ನದು ಅಂತ. ಭಟ್ಕಳದವರೊಬ್ಬರಿದ್ದಾರೆ, ಎಂಜಿನಿಯರು. ಹಬ್ಬ ಅವರದಲ್ಲದಿದ್ದರೂ ಪ್ರತಿ ವರ್ಷ ಗಾಡಿ ತಂದು, ಮಕ್ಕಳಿಗೆ ಸಿಹಿ ಹಂಚಿ ಹೋಗುವವರು. "ಅಯ್ಯೋ ಮಾರಾಯ್ರೆ, ನಿಮ್ಮ ಪೂಜೆಗೆ ನಾನು ಬಂದದ್ದಕ್ಕೆ ನನ್ನ ಬ್ರೇಕಿಗೂ ಪ್ರಸಾದ ಸಿಕ್ಕಿತಾ?" ಅಂತ ನಕ್ಕರು. ಬೆಂಗಳೂರಿನ ಒಬ್ಬಳು ಹೆಂಗಸು ನಗಲಿಲ್ಲ. "ನನ್ನ ಮಕ್ಕಳು ದಿನಾ ಆ ಗಾಡೀಲಿ ಸ್ಕೂಲಿಗೆ ಹೋಗ್ತಾರೆ" ಅಂದು ಫೋನ್ ಇಟ್ಟಳು. ಇಡುವುದೇ ಸರಿ. ಏಳರಲ್ಲಿ ಮೂರು ಗಾಡಿಗಳ ರಬ್ಬರು ಊದತೊಡಗಿತ್ತು. ಎಲ್ಲವನ್ನೂ ಆ ವಾರದೊಳಗೆ ಬದಲಾಯಿಸಿದೆ. ಆ ಹೆಂಗಸು ಆಮೇಲೆ ನನ್ನ ವರ್ಕ್‌ಶಾಪಿಗೆ ಬಂದಿಲ್ಲ.

ಡಾಕ್ಟ್ರಮ್ಮನ ಗಾಡಿಗೆ ಎರಡೂ ಕಡೆಯ ಪಿನ್ನು, ರಬ್ಬರು, ಪ್ಯಾಡು, ತಟ್ಟೆ ಎಲ್ಲ ಹೊಸದು ಹಾಕಿದೆ. ಕಾದು ಕಾದು ಎಡಗಡೆಯ ಬ್ರೇಕಿನ ರಬ್ಬರು ಕೊಳವೆಯೂ ಒಳಗೆ ಹಾಳಾಗಿರಬಹುದು ಅಂತ ಅದನ್ನೂ ಬದಲಾಯಿಸಿದೆ. ಬ್ರೇಕಿನ ಎಣ್ಣೆ ಹೊಸದು. ಆಮೇಲೆ ಒಬ್ಬನೇ ಗಾಡಿ ತೆಗೆದುಕೊಂಡು, ನೀಲಾಯಿಯ ಸಾಲಿನಲ್ಲಿ ನಿಂತು, ಸೆರೆಂಬಾನ್ ದಾಟಿ, ಆಯರ್ ಕೆರೋವರೆಗೆ ಹೋಗಿ ಬಂದೆ. ಒಂದು ಸಲವಲ್ಲ, ಎರಡು ಸಲ. ಮಾವ ಎಲ್ಲಿ ಹೋಗಿದ್ದೆ ಅಂತ ಕೇಳಲಿಲ್ಲ.

ಸೋಮವಾರ ಸಂಜೆ ಗಾಡಿ ಅವರ ಮನೆಗೆ ಕೊಂಡೊಯ್ದೆ. ಕೀಯನ್ನು ಮಗನಿಗೆ ಕೊಡದೆ ಡಾಕ್ಟ್ರಮ್ಮನ ಕೈಗೇ ಕೊಟ್ಟೆ. ಕಾಲೇಜಿನ ಕಾಗದ ಏನಾಯಿತು ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು.

"ಬರದೇನಿ. ಕೊಟ್ಟಿಲ್ಲ. ನಾಳೆ ಹೋಗಿ ನೋಡ್ತೀನಿ. ಗಾಡಿ ಛಲೋ ಆತು ಅಂತ ನನ್ನ ಮನಸು ಛಲೋ ಆಗಂಗಿಲ್ಲ ತಮ್ಮಾ. ದಾರ್‍ಯಾಗ ಹೆದರಿಕಿ ಬಂತಂದ್ರ ತಿರುಗಿ ಬರ್ತೀನಿ. ಬಂದು ಆ ಕಾಗದಾ ಕೊಡ್ತೀನಿ."

"ನಾನು ಜೊತೆಗೆ ಬರ್ತೀನಮ್ಮ" ಅಂದೆ.

"ನಾನೂ ರಜೆ ಹಾಕ್ತೀನಿ" ಅಂದ ಮಗ.

"ಇಬ್ಬರೂ ಬರಬ್ಯಾಡ್ರಿ" ಅಂದರು. "ನೀವು ಪಕ್ಕಕ್ಕ ಕೂತ್ರ, ಓಡಿಸಿದ್ದು ಯಾರ ಕೈ ಅಂತ ನನಗ ತಿಳಿಯಂಗಿಲ್ಲ."

ಮಂಗಳವಾರ ಬೆಳಿಗ್ಗೆ ನನಗೆ ಯಾವ ಕೆಲಸವೂ ಹಿಡಿಯಲಿಲ್ಲ. ಒಂದು ವ್ಯಾನಿನ ರೇಡಿಯೇಟರ್ ಬಿಚ್ಚಿಟ್ಟು ಅದರ ಬೋಲ್ಟುಗಳನ್ನು ಸುಮ್ಮನೆ ತೊಳೆಯುತ್ತಿದ್ದೆ. ಎಂಟು ಗಂಟೆಗೆ ಹೊರಟಿರುತ್ತಾರೆ. ಎಂಟೂವರೆಗೆ ನೀಲಾಯಿ. ಒಂಬತ್ತಕ್ಕೆ ಸೆರೆಂಬಾನ್. ಅಲ್ಲಿಂದ ಮುಂದಕ್ಕೆ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಹೆದರಿಕೆಯಾಗಿ ತಿರುಗಿದ್ದರೆ ಹತ್ತಕ್ಕೆ ನಮ್ಮ ಮುಂದಿನ ರಸ್ತೆಯಲ್ಲೇ ಬರಬೇಕು. ಹತ್ತು ದಾಟಿತು. ರಸ್ತೆಯಲ್ಲಿ ಆ ಗಾಡಿ ಕಾಣಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ನಿಂತಿದ್ದೆ. ಮಾವ ಎರಡು ಸಲ ಚಹಾ ತರಿಸಿದರು, ಎರಡನ್ನೂ ತಾವೇ ಕುಡಿದರು.

ಹತ್ತು ಹತ್ತಕ್ಕೆ ಫೋನ್ ಬಂತು. ಹಿಂದೆ ಕುರ್ಚಿ ಎಳೆಯುವ ಸದ್ದು, ಹುಡುಗರ ಗದ್ದಲ. ಮೆಟ್ಟಿಲು ಹತ್ತಿ ಬಂದಿದ್ದರೇನೋ, ಡಾಕ್ಟ್ರಮ್ಮನಿಗೆ ಏದುಸಿರು ಬರುತ್ತಿತ್ತು.

"ಮುಟ್ಟೀನಿ" ಅಂದರು. "ಪಾಠಕ್ಕ ಹತ್ತು ನಿಮಿಷ ತಡಾ ಆತು. ಹೆದರಿಕಿ ಬಂದಿತ್ತು ತಮ್ಮಾ, ಸುಳ್ಳ್ಯಾಕ ಹೇಳ್ಲಿ. ಒಂದು ಕಡೆ ನಿಂತೆ, ನೀರು ಕುಡಿದೆ, ಮತ್ತ ಹೊಂಟೆ. ಹುಡುಗ್ರು ಕಾಯ್ಲಿಕತ್ತಾರ. ಇಡ್ತೀನಿ."